ತಲೆ ಲೆಕ್ಕ

ಎಲೆಕ್ಷನ್ ಬಂತೆಂದರೆ ‘ಪೋಲ್’ ಎಂಬ ಮಾತು ಹಗಲಿರುಳು ಕಿವಿಗೆ ಬೀಳುತ್ತದೆ: ಪೋಲಿಂಗ್ ಬೂತ್, ಒಪೀನಿಯನ್ ಪೋಲ್, ಎಕ್ಸಿಟ್ ಪೋಲ್. ಹಿಂದಿನ ಇಂಗ್ಲಿಷರಿಗೆ ಅದು ಬರೀ ತಲೆ. ಕೊಂಬಿಲ್ಲದ ದನವನ್ನು ಅಲ್ಲಿ ಈಗಲೂ ‘ಪೋಲ್ಡ್’ ಅನ್ನುತ್ತಾರೆ. ತಲೆಯಿಂದ ತಲೆ ಎಣಿಕೆ ಬಂತು. ಎಣಿಕೆಯ ಬೆನ್ನಿಗೆ ತೆರಿಗೆ, ಮತದಾನ, ತೀರಾ ಈಚೆಗೆ ಸಮೀಕ್ಷೆ.

ಇವುಗಳಲ್ಲಿ ನನ್ನನ್ನು ಕೆಣಕುವುದು ತೆರಿಗೆ. ಇಂಗ್ಲೆಂಡಿನಲ್ಲಿ ತಲೆಗೆ 12 ಪೆನ್ಸ್ ಲೆಕ್ಕದಲ್ಲಿ ಕಂದಾಯ ಹೇರಿದ್ದಕ್ಕೆ 1381ರಲ್ಲಿ ರೈತರು ದಂಗೆ ಎದ್ದು ಲಂಡನ್ನಿಗೆ ನುಗ್ಗಿದರು. ಆರು ಶತಮಾನದ ಮೇಲೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಂಥದ್ದನ್ನೇ ಬೇರೆ ಹೆಸರಿನಲ್ಲಿ ತಂದರು. ಜನ ಮೋಸಹೋಗಲಿಲ್ಲ, ‘ಪೋಲ್ ಟ್ಯಾಕ್ಸ್’ ಎಂದೇ ಕರೆದರು. 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ಗಲಭೆಯೇ ಆಯಿತು. ಅಮೆರಿಕದ ದಕ್ಷಿಣದಲ್ಲಂತೂ ತಲೆಗಂದಾಯ ಕಟ್ಟಿದವನಿಗಷ್ಟೇ ಓಟು. ವರ್ಜೀನಿಯಾದಲ್ಲಿ ಅದು ವರ್ಷಕ್ಕೆ ಒಂದೂವರೆ ಡಾಲರ್. ಕರಿಯರನ್ನೂ ಬಡವರನ್ನೂ ಬೂತಿನಿಂದ ದೂರ ಇಡಲು ಅಷ್ಟು ಸಾಕಿತ್ತು. ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು 1966ರಲ್ಲಿ.

ತಲೆ ಎಣಿಸಿ ತೆರಿಗೆ ಹಾಕಿದರೆ ಅನ್ಯಾಯ, ತಲೆ ಎಣಿಸಿ ಓಟು ಕೊಟ್ಟರೆ ನ್ಯಾಯ. ಎಣಿಕೆ ಒಂದೇ ಅಲ್ಲವೇ? ಅಲ್ಲ ಅನ್ನುತ್ತೇನೆ. ಜೇಬಿನ ತೂಕ ಗೊತ್ತುಮಾಡಬಹುದು. ಗೊತ್ತಿದ್ದೂ ಎಲ್ಲರಿಗೂ ಒಂದೇ ಹೊರೆ ಹೊರಿಸುವುದು ಕ್ರೌರ್ಯ. ವಿವೇಕ ತೂಗುವ ತಕ್ಕಡಿ ಮಾತ್ರ ಯಾರ ಕೈಯಲ್ಲೂ ಇಲ್ಲ. ಇದ್ದರೂ, ಕಾನೂನಿನ ಪೆಟ್ಟು ವಿವೇಕಿಗಳನ್ನು ಆರಿಸಿ ಬೀಳುವುದಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವಳಿಗೆ ಅಕ್ಕಿಯ ನಿಯಮ ತಟ್ಟುವಷ್ಟು ಆ ನಿಯಮ ಬರೆದವನಿಗೆ ತಟ್ಟೀತೇ?

ಓದಿದವರಿಗೆ ಹೆಚ್ಚು ಓಟಿರಲಿ ಎಂದು ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ವಾದಿಸಿದ್ದ. ಹೆಂಗಸರಿಗೂ ಓಟು ಬೇಕೆಂದು ಹೋರಾಡಿದ ದೊಡ್ಡ ಮನುಷ್ಯ ಇಲ್ಲಿ ಎಡವಿದ. ಪದವೀಧರರಿಗೆ ಎರಡನೇ ಓಟು ಕೊಡುತ್ತಿದ್ದ ವಿಶ್ವವಿದ್ಯಾಲಯದ ಸೀಟುಗಳನ್ನು ಬ್ರಿಟನ್ 1948ರ ಕಾಯ್ದೆಯಲ್ಲಿ ಕೈಬಿಟ್ಟಿತು. ನಾವು ಬಿಟ್ಟಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರವು. ವಿಧಾನಸಭೆಗೆ ಎಲ್ಲರಂತೆ ಒಂದು ಓಟು ಹಾಕಿದವರಿಗೆ ಡಿಗ್ರಿಯ ಲೆಕ್ಕದಲ್ಲಿ ಇಲ್ಲಿ ಇನ್ನೊಂದು. ಪಟ್ಟಿಗೆ ಹೆಸರು ಸೇರಿಸಲು ಅರ್ಜಿಯ ಜೊತೆ ಪದವಿ ದಾಖಲೆಯ ಜೆರಾಕ್ಸ್ ಇಡಬೇಕು, ಪದವಿ ಮುಗಿದು ಮೂರು ವರ್ಷ ಕಳೆದಿರಬೇಕು. ಬೂತಿನಲ್ಲಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಲ್ಲೇ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಟಿಕ್ ಹಾಕುವಂತಿಲ್ಲ, ಸಹಿ ಮಾಡುವಂತಿಲ್ಲ. ಇಷ್ಟು ಹೇಳಿಕೊಟ್ಟರೂ ಎಣಿಕೆಯ ಹೊತ್ತಿಗೆ ಸಾವಿರಗಟ್ಟಲೆ ಮತ ತಿರಸ್ಕೃತವಾದದ್ದುಂಟು. ಪದವೀಧರರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಅವರ ಮತಪತ್ರ ಒಂದೂ ತಪ್ಪಿಲ್ಲದೆ ಬಂದರೂ ಆ ಎರಡನೇ ಓಟಿಗೆ ನನ್ನ ತಕರಾರು ಇದ್ದೇ ಇರುತ್ತದೆ.