ಬೆಳ್ಳಿಯ ಹಿತ ಯಾರಿಗೆ?

ಅನುಕೂಲವಿದ್ದ ಮನೆಗಳಲ್ಲಿ ಕೂಸಿಗೆ ಹಾಲು ಕುಡಿಸಲು ಬೆಳ್ಳಿಯ ಒಳಲೆ ಇರುತ್ತಿತ್ತು. ಉಳಿದವರಿಗೆ ಹಿತ್ತಾಳೆಯದೇ ಸಾಕಾಗುತ್ತಿತ್ತು. ಆ ಕೂಸುಗಳೂ ಬೆಳೆದವೆನ್ನಿ. ಬೆಳ್ಳಿಗೆ ರೋಗಾಣುಗಳನ್ನು ಕೊಲ್ಲುವ ಗುಣವುಂಟೆಂಬುದಂತೂ ನಿಜ. ಸುಟ್ಟ ಗಾಯಕ್ಕೆ ಹಚ್ಚುವ ಬೆಳ್ಳಿಯ ಮುಲಾಮು ಎಷ್ಟೋ ಜೀವಗಳನ್ನು ಉಳಿಸಿದೆ.

ಈಗ ಅದೇ ಬೆಳ್ಳಿ ನ್ಯಾನೋ ಕಣವಾಗಿ ಬಂದಿದೆ. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಲೋಹವನ್ನು ಇಷ್ಟು ನುಣ್ಣಗೆ ಮಾಡಿದರೆ ತೂಕಕ್ಕೆ ಹೋಲಿಸಿದಾಗ ಹೊರಮೈ ಬಹಳವಾಗುತ್ತದೆ. ಅಲ್ಲಿಂದ ಹೊರಡುವ ಬೆಳ್ಳಿಯ ಅಯಾನುಗಳು ಏಕಾಣುಜೀವಿಯ ಪೊರೆಗೂ ಅದರ ಗಂಧಕಯುಕ್ತ ಪ್ರೋಟೀನುಗಳಿಗೂ ಅಂಟಿಕೊಂಡು ಉಸಿರು ಕಟ್ಟಿಸುತ್ತವೆ. ಅಂಥ ಪ್ರೋಟೀನುಗಳು ನಮ್ಮ ಮೈಯಲ್ಲೂ ಇವೆ! ರೋಗಾಣು ಸಾಯಬೇಕು, ನಮ್ಮ ಜೀವಕೋಶ ಉಳಿಯಬೇಕು. ಆ ಹದದಲ್ಲಿ ಪ್ರಮಾಣವನ್ನು ನಿಲ್ಲಿಸಿದ ವಸ್ತುವನ್ನು ದೇಹಕ್ಕೆ ಒಗ್ಗುವಂಥದು ಎನ್ನುತ್ತಾರೆ.

ಒಗ್ಗುವುದು ಯಾರ ದೇಹಕ್ಕೆ? ಬೆಳ್ಳಿಯ ಕಣ ಈಗ ಕಾಲುಚೀಲಕ್ಕೂ ಸೇರಿದೆ, ಬೆವರು ನಾರದಿರಲೆಂದು. ಒಗೆದಾಗ ಅದು ನೀರಿಗಿಳಿಯುತ್ತದೆಂದು 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದರು. ಇನ್ನೊಂದು ಸಂಗತಿ ಇದಕ್ಕಿಂತ ಹಳೆಯದು: ಬಾಸ್ಟನ್ನಿನ ಒಂದು ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ತಲೆಯೆತ್ತಿದ ವರದಿ 1975ರಲ್ಲೇ ಬಂದಿತ್ತು. ಔಷಧವನ್ನು ಸಿಕ್ಕಸಿಕ್ಕಲ್ಲಿ ಚೆಲ್ಲಿದರೆ ಅದು ಬೇಕಾದ ದಿನ ಕೈಕೊಡಬಹುದು. ಆ ದಿನ ಮಲಗಿರುವವನು ಕಾಲುಚೀಲ ಕೊಂಡವನಲ್ಲ, ಬೇರೆ ಯಾರೋ.

ಹುಣಸೂರು ಸೀಮೆಯ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥಕ್ಕೆ ಅಣೆಕಟ್ಟೆಯುಂಟು. ಆ ಹೊಳೆ ಮುಂದೆ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಕಾಲುವೆಯ ನೀರು ಕಂಡ ರೈತನಿಗೆ ಒಂದು ಮಾತನ್ನು ವಿವರಿಸಬೇಕಾದದ್ದಿಲ್ಲ: ನೀರು ತನ್ನ ಗದ್ದೆಯ ಮೇಲೆ ಹರಿದರೂ ಕೆಳಗದ್ದೆಯವನ ಪಾಲು ತನ್ನದಾಗದು. ಆಸೆ ಮೀರಿದರೆ ತೂಬಿನ ಬಳಿ ನೀರುಗಂಟಿ ಇರುತ್ತಾನೆ. ಔಷಧದ ಗುಣವೂ ಇಂಥದೇ ಹರಿಯುವ ಆಸ್ತಿಯೆಂದು ನನಗೆ ತೋರುತ್ತದೆ. ಅದಕ್ಕೆ ನೀರುಗಂಟಿ ಯಾರು?

ಹಾಗೆಂದು ಬೆಳ್ಳಿಯನ್ನು ಆಸ್ಪತ್ರೆಯೊಳಗೇ ಬೀಗ ಹಾಕಿಡಿ ಎನ್ನಲಾರೆ. 2009ರಲ್ಲಿ ಟಾಟಾದವರು ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಸೇರಿಸಿ, ವಿದ್ಯುತ್ತಿಲ್ಲದೆ ನಡೆಯುವ ಅಗ್ಗದ ನೀರಿನ ಶೋಧಕವನ್ನು ತಂದರು. ನಲ್ಲಿಯಿಲ್ಲದ ಮನೆಗೆ ಅದು ಭೋಗವಲ್ಲ. ಅಗತ್ಯಕ್ಕೂ ಭೋಗಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟವೇ; ಇಡೀ ದಿನ ಬೂಟು ಹಾಕಿ ನಿಲ್ಲುವ ಕಾವಲುಗಾರನ ಕಾಲುಚೀಲವನ್ನು ಯಾವ ಕಡೆಗೆ ಸೇರಿಸೋಣ? ನನ್ನದರ ವಿಷಯದಲ್ಲಿ ಮಾತ್ರ ಅಂಥ ಸಂದೇಹವಿಲ್ಲ. ಅಂಗಡಿಯವನು, "ಬೆಳ್ಳಿ ಇರೋದು ತಗೊಳ್ಳಿ ಸ್ವಾಮಿ, ವಾಸನೆ ಬರೋಲ್ಲ" ಎಂದ. ಬರಿಯ ಹತ್ತಿಯದನ್ನೇ ತಂದೆ. ದಿನವೂ ಒಗೆಯಬೇಕಾಗಿದೆ.