ದೂತನ ಕಣ್ಣು, ದೂತನ ನಾಲಿಗೆ

ದೂತನನ್ನು ಕೊಲ್ಲಬಾರದು ಎಂಬ ನಿಯಮ ನಮಗೆಲ್ಲ ಗೊತ್ತು. ಹನುಮಂತನನ್ನು ಕಟ್ಟಿ ತಂದು ಲಂಕೆಯ ಸಭೆಯಲ್ಲಿ ನಿಲ್ಲಿಸಿದಾಗ, ಸಿಟ್ಟಿನಿಂದ ಕುದಿಯುತ್ತಿದ್ದ ರಾವಣನನ್ನು ವಿಭೀಷಣ ತಡೆದದ್ದು ಈ ನಿಯಮವನ್ನು ನೆನಪಿಸಿಯೇ. ಆದರೆ ಯಾಕೆ ಕೊಲ್ಲಬಾರದು? ಅವನು ಒಳ್ಳೆಯವನೆಂದೇನೂ ಅಲ್ಲ. ಅವನು ಆಡುವ ಮಾತು ಅವನದಲ್ಲ ಎಂಬ ಕಾರಣಕ್ಕೆ. ಅರ್ಥಶಾಸ್ತ್ರದಲ್ಲಿ ಕೌಟಿಲ್ಯನೂ ಇದನ್ನೇ ಹೇಳುತ್ತಾನೆ. ರಾಜರು ಮಾತಾಡುವುದು ದೂತರ ಬಾಯಿಂದ. ಕತ್ತಿ ಹಿರಿದು ನಿಂತಿದ್ದರೂ ದೂತ ಹೇಳಿಕಳಿಸಿದ್ದನ್ನು ಹೇಳಲೇಬೇಕು. ಆದ್ದರಿಂದ ಅವನು ಯಾವ ಕುಲದವನಾದರೂ ಅವನ ಜೀವಕ್ಕೆ ಕೈ ಹಾಕುವಂತಿಲ್ಲ.

ಈ ವಾದವನ್ನು ಒಪ್ಪಿದ ಕೂಡಲೇ ಒಂದು ತೊಡಕು ಎದುರಾಗುತ್ತದೆ. ಮಾತು ಅವನದಲ್ಲ ಎಂದಾದರೆ, ಆ ಮಾತಿನಿಂದ ಆಗುವ ಪಾಪವೂ ಅವನದಲ್ಲವೇ? ಅನ್ಯಾಯದ ಆಜ್ಞೆಯನ್ನು ಹೊತ್ತು ತಂದವನು ಬರೀ ಹೊತ್ತು ತಂದವನೇ?

ಇದು ರಾಯಭಾರಿಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಎಂದು ನನಗನ್ನಿಸುವುದಿಲ್ಲ. ಕಚೇರಿಯ ಕೌಂಟರಿನ ಆಚೆ ಕೂತವರು 'ಮೇಲಿನಿಂದ ಆರ್ಡರ್ ಬಂದಿದೆ, ನಾನೇನು ಮಾಡ್ಲಿ' ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ನಾಳೆ ನಮ್ಮಲ್ಲೇ ಹಲವರು ಆ ಕೌಂಟರಿನ ಆಚೆ ಕೂರುವವರು. ಇನ್ನೊಬ್ಬರ ಮಾತನ್ನು ಆಡಿ ಸಂಬಳ ಪಡೆಯುವ ಎಲ್ಲ ಕೆಲಸಗಳಲ್ಲೂ ದೂತನ ಸಂಕಟದ ಒಂದು ಪಾಲು ಇದ್ದೇ ಇರುತ್ತದೆ. ಅದಕ್ಕೇ ಕೆಲವು ರಾಯಭಾರಿಗಳ ಬದುಕನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸಬೇಕೆನಿಸಿತು.

ಮೊದಲು ದೂತನ ಕೆಲಸವೇನು ಎಂಬುದನ್ನೇ ನೋಡೋಣ. ಕೌಟಿಲ್ಯ ದೂತರಲ್ಲಿ ಮೂರು ಬಗೆ ಹೇಳುತ್ತಾನೆ. ಪೂರ್ಣ ಅಧಿಕಾರ ಪಡೆದು ಹೋಗುವವನು ನಿಸೃಷ್ಟಾರ್ಥ. ಇಷ್ಟೇ ಎಂದು ಗೆರೆ ಹಾಕಿ ಕಳಿಸಿದವನು ಪರಿಮಿತಾರ್ಥ. ಬರೆದುಕೊಟ್ಟದ್ದನ್ನು ಮುಟ್ಟಿಸಿ ಬರುವವನು ಶಾಸನಹರ. ಇವರಲ್ಲಿ ಹನುಮಂತ ಯಾರು? ಸೀತೆಯನ್ನು ಹುಡುಕುವುದು ಅವನಿಗೆ ವಹಿಸಿದ್ದ ಕೆಲಸ. ಅಶೋಕವನವನ್ನು ಮುರಿದು ಚೆಲ್ಲು ಎಂದು ಯಾರೂ ಹೇಳಿರಲಿಲ್ಲ. ಆದರೂ, ಮುಖ್ಯ ಕೆಲಸಕ್ಕೆ ಕುಂದು ತಾರದೆ ಅದಕ್ಕೆ ಒದಗುವ ಇನ್ನಷ್ಟನ್ನು ಮಾಡಿ ಬರುವವನೇ ಸಮರ್ಥ ಎಂದು ವಾಲ್ಮೀಕಿಯ ಹನುಮಂತ ತನ್ನಲ್ಲೇ ತರ್ಕಿಸುತ್ತಾನೆ. ವೈರಿಯ ಬಲಾಬಲವನ್ನು ಕಣ್ಣಾರೆ ಕಂಡು ಹೋಗಬೇಕು ಎಂಬುದು ಅವನ ಲೆಕ್ಕ. ಹಿಂತಿರುಗಿದಾಗ ಅವನ ಬಾಯಿಂದ ಮೊದಲು ಬಂದದ್ದು 'ಕಂಡೆ' ಎಂಬ ಮಾತು ಎಂದು ನಮ್ಮ ಹರಿಕಥೆಯ ದಾಸರು ಎಷ್ಟು ಸಂಭ್ರಮದಿಂದ ಬಣ್ಣಿಸುತ್ತಾರೆ! ಸೀತೆಯ ಹೆಸರು ಮೊದಲು ಬಂದಿದ್ದರೆ, ಮುಂದಿನ ಮಾತು ಬರುವಷ್ಟರಲ್ಲಿ ಕೇಳುವವರ ಜೀವ ಬಾಯಿಗೆ ಬರುತ್ತಿತ್ತಂತೆ.

ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ದೂತ ಮೊದಲು ಕಣ್ಣು, ಆಮೇಲೆ ನಾಲಿಗೆ. ಒಯ್ದ ಸಂದೇಶವನ್ನು ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಕಂಡದ್ದನ್ನು ತಂದು ಕಳಿಸಿದವರ ಮುಂದಿಡುವುದು ಉಳಿದರ್ಧ.

ಇತಿಹಾಸವೂ ನೆನಪಿಟ್ಟುಕೊಂಡದ್ದು ದೂತರ ಕಣ್ಣನ್ನೇ. ಹೆರಾತಿನಲ್ಲಿ ಆಳುತ್ತಿದ್ದ ಶಾರುಖ್ 1442ರಲ್ಲಿ ಅಬ್ದುರ್ ರಜಾಕನನ್ನು ದೂತನಾಗಿ ಕಲ್ಲಿಕೋಟೆಗೆ ಕಳಿಸಿದ. ಅಲ್ಲಿ ಅವನಿಗೆ ಮನಸ್ಸು ಹತ್ತಲಿಲ್ಲ. ಮರುವರ್ಷ ಇಮ್ಮಡಿ ದೇವರಾಯನ ಕರೆ ಬಂದು ವಿಜಯನಗರಕ್ಕೆ ಹೋದ. ಒಂದರೊಳಗೊಂದಿದ್ದ ಏಳು ಸುತ್ತಿನ ಕೋಟೆ, ಎಲ್ಲೆಲ್ಲೂ ಗುಲಾಬಿ ಮಾರುವ ಬೀದಿಗಳು, ಮಹಾನವಮಿಯ ವೈಭವ ಎಲ್ಲವನ್ನೂ ಬರೆದಿಟ್ಟ. ಅವನು ಹೊತ್ತು ತಂದ ಸಂದೇಶದಲ್ಲಿ ಏನಿತ್ತೆಂದು ಇಂದು ಯಾರೂ ಕೇಳುವುದಿಲ್ಲ. ಹಂಪಿಯ ಮುರಿದ ಕಲ್ಲುಗಳ ನಡುವೆ ನಿಂತು ಒಂದು ತುಂಬಿದ ಊರನ್ನು ಕಲ್ಪಿಸಿಕೊಳ್ಳಲು ಮಾತ್ರ ಅವನ ಕಣ್ಣು ನಮಗೆ ಬೇಕೇ ಬೇಕು.

ಕಳಿಸಿದವರಿಗೆ ದೂತನ ನಾಲಿಗೆ ಬೇಕು, ಕಣ್ಣು ಬೇಡ ಎಂದಾದಾಗ ಸಂಕಟ ಶುರುವಾಗುತ್ತದೆ.

1971ರ ಢಾಕಾ. ಅಮೆರಿಕದ ಕಾನ್ಸಲ್ ಜನರಲ್ ಆಗಿ ಆರ್ಚರ್ ಬ್ಲಡ್ ಅಲ್ಲಿದ್ದರು. ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಊರಿನ ಮೇಲೆ ಬಿತ್ತು. ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ನುಗ್ಗಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕೊಂದಿತು. ಬ್ಲಡ್ ಕಂಡದ್ದನ್ನು ಕಂಡ ಹಾಗೆ ವಾಷಿಂಗ್ಟನ್ನಿಗೆ ತಂತಿ ಕಳಿಸಿದರು. ಉತ್ತರ ಬರಲಿಲ್ಲ. ಪಾಕಿಸ್ತಾನದ ಯಾಹ್ಯಾ ಖಾನ್ ಮೂಲಕ ಚೀನಾದ ಬಾಗಿಲು ತೆರೆಸಿಕೊಳ್ಳುವ ಗುಟ್ಟಿನ ಮಾತುಕತೆಯಲ್ಲಿ ನಿಕ್ಸನ್ ಮತ್ತು ಕಿಸಿಂಜರ್ ತೊಡಗಿದ್ದರು. ಅವರಿಗೆ ಢಾಕಾದ ಸುದ್ದಿ ಕಿವಿಗೆ ಬೀಳುವುದೇ ಬೇಕಿರಲಿಲ್ಲ. ಏಪ್ರಿಲ್ 6ರಂದು ಇಪ್ಪತ್ತು ಮಂದಿ ಅಧಿಕಾರಿಗಳು ಸಹಿ ಹಾಕಿದ ಒಂದು ಭಿನ್ನಮತದ ತಂತಿ ಢಾಕಾದಿಂದ ಹೋಯಿತು. ತಮ್ಮ ಸರ್ಕಾರದ ನೀತಿ ನೈತಿಕವಾಗಿ ದಿವಾಳಿಯಾಗಿದೆ ಎಂಬುದು ಅದರ ತಿರುಳು. ಬ್ಲಡ್ ತಮ್ಮ ಸಮ್ಮತಿಯನ್ನೂ ಸೇರಿಸಿಯೇ ಅದನ್ನು ಕಳಿಸಿದರು. ಅವಧಿ ಮುಗಿಯುವ ಮೊದಲೇ ಅವರನ್ನು ಢಾಕಾದಿಂದ ವಾಪಸು ಕರೆಸಲಾಯಿತು.

ಬ್ಲಡ್ ಆಜ್ಞೆ ಮೀರಲಿಲ್ಲ. ಪತ್ರಿಕೆಗಳಿಗೆ ಹೋಗಲಿಲ್ಲ. ದೂತನ ಕೆಲಸದ ಉಳಿದರ್ಧವನ್ನು ಪೂರ್ತಿ ಮಾಡಿದರು, ಅಷ್ಟೇ. ಕೇಳಲೊಲ್ಲದ ಕಿವಿಗೆ 'ಕಂಡೆ' ಎಂದರು. ಅಷ್ಟಕ್ಕೇ ಬೆಲೆ ತೆರಬೇಕಾಯಿತು.

ಕಂಡದ್ದನ್ನು ತಿಳಿಸಿ ಕಾಯುವಷ್ಟು ಸಮಯವೇ ಇಲ್ಲದಿದ್ದರೆ? 1940ರ ಜೂನ್‌ನಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಪೋರ್ಚುಗಲ್ಲಿನ ಕಾನ್ಸಲ್ ಆಗಿದ್ದ ಅರಿಸ್ಟಿಡಿಸ್ ಡಿ ಸೌಸ ಮೆಂಡಿಸ್ ಅವರಿಗೆ ಎದುರಾದದ್ದು ಈ ಪ್ರಶ್ನೆ. ಪ್ಯಾರಿಸ್ ಆಗಷ್ಟೇ ನಾಜಿಗಳ ವಶವಾಗಿತ್ತು. ದಕ್ಷಿಣಕ್ಕೆ ಓಡಿ ಬಂದ ಸಾವಿರಾರು ಜನ ವೀಸಾಕ್ಕಾಗಿ ಮುತ್ತಿಗೆ ಹಾಕಿದ್ದರು. ದೇಶ ಕಳೆದುಕೊಂಡವರಿಗೆ, ಹೊರಹಾಕಲ್ಪಟ್ಟ ಯಹೂದ್ಯರಿಗೆ ಲಿಸ್ಬನ್ನಿನ ಅನುಮತಿಯಿಲ್ಲದೆ ವೀಸಾ ಕೊಡಬಾರದು ಎಂದು ಸಲಜಾರ್ ಸರ್ಕಾರ 1939ರ ನವೆಂಬರಿನಲ್ಲೇ ಸುತ್ತೋಲೆ ಹೊರಡಿಸಿತ್ತು. ಕ್ರೂಗರ್ ಎಂಬ ರಬ್ಬಿಯ ಪರಿಚಯ ಕಾನ್ಸಲರಿಗೆ ಆಗಿತ್ತು. ನಿಮಗೂ ನಿಮ್ಮ ಮನೆಯವರಿಗೂ ವೀಸಾ ಕೊಡುತ್ತೇನೆ ಎಂದರು. ಹೊರಗೆ ನಿಂತ ಉಳಿದವರನ್ನು ಬಿಟ್ಟು ತಾನು ತೆಗೆದುಕೊಳ್ಳುವುದಿಲ್ಲ ಎಂದರು ರಬ್ಬಿ. ಸೌಸ ಮೆಂಡಿಸ್ ಕೆಲವು ದಿನ ಹಾಸಿಗೆ ಹಿಡಿದರು. ಎದ್ದು ಬಂದವರು ಕೇಳಿದವರಿಗೆಲ್ಲ ವೀಸಾ ಕೊಡತೊಡಗಿದರು. ಕುಲ, ಧರ್ಮ, ದೇಶ ಯಾವುದನ್ನೂ ಕೇಳಲಿಲ್ಲ.

ಅವರನ್ನು ವಾಪಸು ಕರೆಸಿ, ಶಿಸ್ತುಕ್ರಮ ಜರುಗಿಸಿ, ಕೆಲಸದಿಂದ ದೂರವಿಡಲಾಯಿತು. ದೊಡ್ಡ ಸಂಸಾರ, ಬೆಳೆಯುತ್ತಿದ್ದ ಸಾಲ. ಲಿಸ್ಬನ್ನಿನಲ್ಲಿ ಯಹೂದ್ಯ ಸಮುದಾಯದವರು ನಿರಾಶ್ರಿತರಿಗಾಗಿ ನಡೆಸುತ್ತಿದ್ದ ಊಟದ ಮನೆಯಲ್ಲಿ ಉಣ್ಣುವ ಹಂತಕ್ಕೆ ಆ ಕುಟುಂಬ ಬಂತು. 1954ರಲ್ಲಿ ಬಡತನದಲ್ಲೇ ತೀರಿಕೊಂಡರು. ಪೋರ್ಚುಗಲ್ಲಿನ ಸಂಸತ್ತು ಅವರ ಮೇಲಿನ ಕಳಂಕ ತೊಡೆದದ್ದು 1988ರಲ್ಲಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರತಿಯೊಬ್ಬ ಅಧಿಕಾರಿಯೂ ತನ್ನ ಅಂತಃಸಾಕ್ಷಿಯನ್ನೇ ಕಾನೂನು ಎಂದುಕೊಂಡರೆ ರಾಜ್ಯ ನಡೆಯುವುದು ಹೇಗೆ? ಇವತ್ತು ಒಬ್ಬ ನಿರಾಶ್ರಿತರನ್ನು ಉಳಿಸಲು ನಿಯಮ ಮುರಿದ. ನಾಳೆ ಇನ್ನೊಬ್ಬ ತನ್ನ ದ್ವೇಷವನ್ನೇ ಅಂತಃಸಾಕ್ಷಿ ಎಂದು ಕರೆದು ನಿಯಮ ಮುರಿದಾನು. ದೂತನ ಮಾತು ಅವನದೋ ಅವನ ಒಡೆಯನದೋ ಎಂದು ಅನುಮಾನ ಹುಟ್ಟಿದರೆ ಎರಡು ದೇಶಗಳ ನಡುವೆ ಮಾತೇ ನಿಂತುಹೋಗುತ್ತದೆ. ಮಾತು ನಿಂತ ಕಡೆ ಯುದ್ಧ ಶುರುವಾಗುತ್ತದೆ.

ಈ ಆಕ್ಷೇಪಕ್ಕೆ ಉತ್ತರ ಆ ಹಳೆಯ ನಿಯಮದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಮಾತು ತನ್ನದಲ್ಲ ಎಂಬುದು ದೂತನ ಕವಚ. ತನ್ನ ಮಾತನ್ನೇ ಆಡಹೊರಟವನು ಆ ಕವಚವನ್ನು ಮೊದಲು ಬಿಚ್ಚಿಡಬೇಕು. ಸೌಸ ಮೆಂಡಿಸ್ ಮಾಡಿದ್ದು ಅದನ್ನೇ. ವೀಸಾಗಳ ಮೇಲೆ ಅವರದೇ ಸಹಿ ಇತ್ತು. ವಿಚಾರಣೆಯಲ್ಲಿ ಮಾಡಿದ್ದನ್ನು ಅಲ್ಲಗಳೆಯಲಿಲ್ಲ. ಬಂದ ಶಿಕ್ಷೆ ಅವರ ಮೈಮೇಲೇ ಬಂತು. ಹುದ್ದೆಯ ರಕ್ಷಣೆಯನ್ನೂ ಉಳಿಸಿಕೊಂಡು, ಗುಟ್ಟಾಗಿ ತನ್ನಿಷ್ಟವನ್ನೂ ನಡೆಸಿಕೊಳ್ಳುವವನನ್ನು ಅನುಮಾನದಿಂದಲೇ ನೋಡಬೇಕು. ಬೆಲೆ ತೆತ್ತವರೆಲ್ಲ ಸರಿ ಎಂದು ಹೇಳಲಾರೆ. ಆದರೆ ಬೆಲೆಯನ್ನು ಬೇರೆಯವರ ತಲೆಗೆ ಕಟ್ಟುವ ಅಂತಃಸಾಕ್ಷಿಯನ್ನು ನಾನು ನಂಬಲಾರೆ.

ಮೂರನೆಯ ದಾರಿಯೂ ಇದೆ. ಎರವಲು ಕೊಟ್ಟ ನಾಲಿಗೆಯನ್ನು ವಾಪಸು ತೆಗೆದುಕೊಳ್ಳುವುದು. ಕವಿ ಒಕ್ಟಾವಿಯೊ ಪಾಜ್ 1962ರಿಂದ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದರು. ಮದುವೆಯಾದದ್ದೂ ಇಲ್ಲೇ, ಒಂದು ಬೇವಿನ ಮರದ ಕೆಳಗೆ. 1968ರ ಅಕ್ಟೋಬರ್ 2ರಂದು, ಒಲಿಂಪಿಕ್ಸ್ ಶುರುವಾಗಲು ಹತ್ತು ದಿನವಿದ್ದಾಗ, ಮೆಕ್ಸಿಕೋ ನಗರದ ತ್ಲಾತೆಲೋಲ್ಕೊ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಸತ್ತವರೆಷ್ಟು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಆ ಸರ್ಕಾರದ ಪರವಾಗಿ ಇನ್ನು ಮಾತಾಡಲಾರೆ ಎಂದು ಪಾಜ್ ಹುದ್ದೆ ತೊರೆದರು. ಇದರಿಂದ ಯಾರ ಜೀವವೂ ಮರಳಲಿಲ್ಲ. ಆದರೆ ಜಗತ್ತೆಲ್ಲ ಕ್ರೀಡೆಯ ಸಡಗರ ನೋಡುತ್ತಿದ್ದಾಗ ಆ ಚೌಕದತ್ತಲೂ ಕೆಲವರು ತಿರುಗಿ ನೋಡಿದರು. ಭಾರತ ಬಿಟ್ಟ ಮೇಲೆ ಪಾಜ್ ಬರೆದ ಒಂದು ಗದ್ಯಕಾವ್ಯದ ಹೆಸರು 'ವಾನರ ವೈಯಾಕರಣಿ' ಎಂಬರ್ಥದ್ದು. ನಾವು ನವವ್ಯಾಕರಣ ಪಂಡಿತ ಎಂದು ಕರೆಯುವ ಹನುಮಂತನೇ ಅದರ ಕೇಂದ್ರ. ಅಧಿಕಾರ ಬಿಟ್ಟ ದೂತನೊಬ್ಬ ದೂತರಲ್ಲೆಲ್ಲ ಶ್ರೇಷ್ಠನಾದವನನ್ನು ಹುಡುಕಿಕೊಂಡು ಹೋದದ್ದು ಆಕಸ್ಮಿಕವೇ ಇರಬಹುದು. ನನಗೆ ಮಾತ್ರ ಅದು ಹಾಗೆ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೂ ನನ್ನನ್ನು ಕಾಡುವುದು ಇವೋ ಆಂಡ್ರಿಚ್ ಅವರ ಕತೆ. ಯುಗೊಸ್ಲಾವಿಯದ ರಾಯಭಾರಿಯಾಗಿ 1939ರಲ್ಲಿ ಬರ್ಲಿನ್ನಿಗೆ ಹೋದವರು. 1941ರ ಮಾರ್ಚ್ 25ರಂದು ವಿಯೆನ್ನಾದಲ್ಲಿ ಅವರ ಸರ್ಕಾರ ಹಿಟ್ಲರನ ಕೂಟಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದಾಗ ಅವರೂ ಅಲ್ಲಿ ಹಾಜರಿದ್ದರು. ಹಾಜರಿರುವುದು ಅವರ ಕೆಲಸವಾಗಿತ್ತು. ಎರಡೇ ದಿನಕ್ಕೆ ಆ ಸರ್ಕಾರ ಉರುಳಿತು. ಏಪ್ರಿಲ್ 6ರಂದು ಜರ್ಮನಿ ಬೆಲ್‌ಗ್ರೇಡ್ ಮೇಲೆ ಬಾಂಬು ಸುರಿಸಿತು. ಆಂಡ್ರಿಚ್ ಊರಿಗೆ ಮರಳಿ, ಶತ್ರುವಿನ ಆಳ್ವಿಕೆಯ ಉದ್ದಕ್ಕೂ ಏನನ್ನೂ ಪ್ರಕಟಿಸದೆ ಕೋಣೆಯೊಂದರಲ್ಲಿ ಕೂತು ಬರೆದರು. 1945ರಲ್ಲಿ ಹೊರಬಂದ ಅವರ ಕಾದಂಬರಿಗಳಲ್ಲಿ ಡ್ರಿನಾ ನದಿಯ ಸೇತುವೆಯ ಕತೆ ಹೆಸರಾಯಿತು. 1961ರಲ್ಲಿ ನೊಬೆಲ್ ಬಂತು. 1945ರಲ್ಲೇ ಬಂದ ಇನ್ನೊಂದು ಕಾದಂಬರಿ ನೆಪೋಲಿಯನ್ ಕಾಲದ ಬೋಸ್ನಿಯಾದ ತ್ರಾವ್ನಿಕ್ ಎಂಬ ಪುಟ್ಟ ಊರಿನದು. ಅಲ್ಲಿ ಫ್ರಾನ್ಸಿನ ಮತ್ತು ಆಸ್ಟ್ರಿಯಾದ ಕಾನ್ಸಲರು ದೂರದ ಒಡೆಯರ ಪರವಾಗಿ ಒಬ್ಬರ ವಿರುದ್ಧ ಇನ್ನೊಬ್ಬರು ಹೂಡುತ್ತ, ಒಳಗೊಳಗೇ ಒಂಟಿತನದಲ್ಲಿ ಬೇಯುತ್ತಾರೆ.

ಆಂಡ್ರಿಚ್ ಆ ದಿನ ವಿಯೆನ್ನಾದಿಂದ ಎದ್ದು ಹೋಗಬೇಕಿತ್ತೇ? ಎದ್ದು ಹೋಗಿದ್ದರೆ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತಿತ್ತು. ಹೋಗದಿದ್ದವರನ್ನು ಅಪರಾಧಿ ಎನ್ನಲು ಮಾತ್ರ ಬಾಯಿ ಬರುವುದಿಲ್ಲ. ದೊಡ್ಡ ಕಾದಂಬರಿ ಆ ಹಾಜರಿಗೆ ಪ್ರಾಯಶ್ಚಿತ್ತ ಎಂದೂ ಹೇಳಲಾರೆ. ಸಾಹಿತ್ಯದಿಂದ ಅಂಥ ಲೆಕ್ಕ ಚುಕ್ತಾ ಆಗುವುದಿಲ್ಲ. ಆದರೂ ಅವರು ಕಣ್ಣು ಮುಚ್ಚಿಕೊಳ್ಳಲಿಲ್ಲ ಎಂಬುದಕ್ಕೆ ಆ ಪುಟಗಳು ಸಾಕ್ಷಿ. ನಾಲಿಗೆ ಒಡೆಯನ ವಶದಲ್ಲಿದ್ದ ವರ್ಷಗಳಲ್ಲೂ ಕಣ್ಣು ತನ್ನ ಕೆಲಸ ಮಾಡುತ್ತಲೇ ಇತ್ತು.

ಎಲ್ಲರೂ ಸೌಸ ಮೆಂಡಿಸ್ ಆಗಲಾರರು. ಆಗಿ ಎಂದು ಮನೆಯಲ್ಲಿ ಕೂತು ಇನ್ನೊಬ್ಬರಿಗೆ ಹೇಳುವುದು ಸುಲಭ, ಮತ್ತು ಸ್ವಲ್ಪ ನಾಚಿಕೆಗೇಡು. ಹೊತ್ತು ಬಂದಾಗ ನಮ್ಮ ಕೈಲಿ ಎಷ್ಟಾಗುತ್ತದೋ ಬಲ್ಲವರಾರು? ಆದರೆ ಅದಕ್ಕಿಂತ ಮೊದಲಿನದೊಂದು ಕೆಲಸ ಎಲ್ಲರ ಕೈಗೂ ಎಟಕುವಂಥದ್ದು. ಆದೇಶವನ್ನು ಕೌಂಟರಿನ ಈಚೆ ನಿಂತವರಿಗೆ ಓದಿ ಹೇಳುವಾಗ ಅವರ ಮುಖವನ್ನು ನೋಡುವುದು. ಆ ಆದೇಶದಿಂದ ಅವರಿಗೇನಾಯಿತು ಎಂಬುದನ್ನು, ಕೇಳಿಸಿಕೊಳ್ಳಲು ಇಷ್ಟವಿಲ್ಲದಿದ್ದರೂ, ಅದನ್ನು ಕಳಿಸಿದವರಿಗೆ ನಮ್ಮ ಹೆಸರು ಹಾಕಿ ಬರೆದು ತಿಳಿಸುವುದು. ಮಾತು ನಮ್ಮದಲ್ಲದಿರಬಹುದು. ಕಂಡದ್ದಂತೂ ನಮ್ಮದೇ.