ಕೆಟ್ಟರೆ ಯಾರನ್ನು ಕರೆಯುವುದು?

ತೀರ್ಥಹಳ್ಳಿಯಿಂದ ಹದಿನೈದು ಕಿಲೋಮೀಟರ್ ಒಳಗಿರುವ ನಮ್ಮ ಹಳೆಮನೆಯ ಅಡುಗೆಕೋಣೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸುತ್ತಿದ್ದೇವೆ. ನಿವೃತ್ತಿಯಾದ ಮೇಲೆ ಊರಿಗೆ ಮರಳಬೇಕೆಂಬುದು ನನ್ನ ಬಹುಕಾಲದ ಆಸೆ. ಅಡುಗೆಮನೆ ಮಾತ್ರ ‘ಹಳ್ಳಿ ಶೈಲಿ’ಯಲ್ಲೇ ಇರಬೇಕೆಂಬುದು ಹಟ. ಬೆಂಗಳೂರಿನಿಂದ ಬಂದ ಒಳಾಂಗಣ ವಿನ್ಯಾಸದ ಹುಡುಗ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದ. ಕೆಂಪು ಗಾರೆಯ ನೆಲ, ಇಟ್ಟಿಗೆಯ ಕಮಾನು, ಅದರ ಕೆಳಗೆ ಗೋಡೆಯೊಳಗೇ ಹುದುಗಿದ ಓವನ್, ಮರದ ಬಾಗಿಲಿನ ಹಿಂದೆ ಅಡಗಿದ ಫ್ರಿಜ್, ಪಾತ್ರೆ ತೊಳೆಯುವ ಯಂತ್ರ, ಕಲ್ಲಿನ ಕಟ್ಟೆಯ ಮೇಲೆ ಕಪ್ಪು ಕನ್ನಡಿಯಂತೆ ಹೊಳೆಯುವ ಇಂಡಕ್ಷನ್ ಒಲೆ. ಮೂಲೆಯಲ್ಲಿ ಅಲಂಕಾರಕ್ಕೊಂದು ಒರಳುಕಲ್ಲು. ಅದರ ಗುಳಿಯಲ್ಲಿ ನೀರು, ನೀರಿನಲ್ಲಿ ತೇಲುವ ದಾಸವಾಳ. ನಮ್ಮ ಹಳೆಯ ಅಡುಗೆಕೋಣೆಯ ಬಾಗಿಲನ್ನು ಪಾಲಿಶ್ ಹಾಕಿ ಅಲ್ಲೇ ಕೂರಿಸುವ ಯೋಜನೆಯೂ ಇತ್ತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿದಳು. “ಚಂದ ಇದೆ. ಇದ್ರಲ್ಲಿ ಒಂದು ಕೆಟ್ರೆ ಯಾರನ್ನ ಕರಿಯೋದು?”

“ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಬರ್ತಾರೆ, ಅಜ್ಜಿ.”

“ಎಲ್ಲಿಂದ?”

“ಶಿವಮೊಗ್ಗದಿಂದ.”

“ಆಷಾಢದಲ್ಲೂ ಬರ್ತಾರಾ?”

ಹುಡುಗ ನನ್ನ ಮುಖ ನೋಡಿದ. ಆಷಾಢದಲ್ಲಿ ನಮ್ಮೂರು ಹೇಗಿರುತ್ತದೆಂದು ಅವನಿಗೇನು ಗೊತ್ತು? ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ನಮ್ಮ ಮಗ್ಗುಲಿಗಿದೆ. ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರುವ ತನಕ ಕತ್ತಲೆ. ಕರೆಂಟು ಬಂದರೂ 230 ವೋಲ್ಟ್ ಇರಬೇಕಾದ್ದು 160ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ಮಳೆಗಾಲದ ಮೂರು ತಿಂಗಳು ನಮ್ಮ ಮಣ್ಣುರಸ್ತೆಗೆ ಬರಲು ಆಟೋದವರೇ ಹಿಂದೆಮುಂದೆ ನೋಡುತ್ತಾರೆ.

ಅಂದು ರಾತ್ರಿ ಅಮ್ಮನ ಪ್ರಶ್ನೆ ನನ್ನನ್ನು ಮಲಗಗೊಡಲಿಲ್ಲ. ನಾನು ಹಳ್ಳಿಯ ಅಡುಗೆಮನೆಯನ್ನು ಕಣ್ಣಿಂದ ನೆನೆಯುತ್ತಿದ್ದೆ. ಅವಳು ಕೈಯಿಂದ ನೆನೆಯುತ್ತಿದ್ದಳು. ನನ್ನ ನೆನಪಿನಲ್ಲಿ ಇದ್ದದ್ದು ಮಾಡಿನ ಗಾಜಿನ ಹಂಚಿನಿಂದ ಇಳಿಯುವ ಬಿಸಿಲುಕೋಲು. ಅವಳ ನೆನಪಿನಲ್ಲಿ ಇದ್ದದ್ದು ಸವೆದ ಒರಳಿಗೆ ಉಳಿ ಹೊಡೆಯಲು ಬರುತ್ತಿದ್ದ ಕಲ್ಲುಕುಟಿಗ. ಬೇಸಿಗೆಯಲ್ಲಿ ಅಂಗಳದಲ್ಲೇ ತಿದಿ ಹೂಡಿ, ನವಸಾಗರದ ಹೊಗೆ ಎಬ್ಬಿಸಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಸಾಬರು. ಮೆಟ್ಟುಗತ್ತಿ ಮೊಂಡಾದರೆ ಕುಲುಮೆಗೆ ಒಯ್ಯುತ್ತಿದ್ದ ಆಳು. ಒಲೆ ಬಿರಿದರೆ ಅವಳೇ ಹುತ್ತದ ಮಣ್ಣಿಗೆ ಸಗಣಿ ಕಲಸಿ ಮೆತ್ತುತ್ತಿದ್ದಳು. ಯಾರು ಬಂದರು, ಎಷ್ಟು ಪಾತ್ರೆ ಕೊಟ್ಟದ್ದು, ಎಷ್ಟು ಬಾಕಿ ಎಂಬ ಲೆಕ್ಕವೆಲ್ಲ ಅಡುಗೆಕೋಣೆಯ ಬಾಗಿಲ ಹಿಂಬದಿಯಲ್ಲಿ ಇದ್ದಿಲಿನಲ್ಲಿ ಬರೆದಿರುತ್ತಿತ್ತು. ಆ ಕೋಣೆಯಲ್ಲಿದ್ದ ಪ್ರತಿಯೊಂದು ವಸ್ತುವಿಗೂ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ವೈದ್ಯನಿದ್ದ. ನಾನು ‘ಶೈಲಿ’ ಎನ್ನುತ್ತಿದ್ದದ್ದರ ಬೆನ್ನೆಲುಬು ಅದೇ ಆಗಿತ್ತು.

ಹಾಗೆಂದು ಆ ಕಾಲ ಸ್ವರ್ಗವೇನಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾದದ್ದು ಉಂಡವರದ್ದಲ್ಲ, ಬಡಿಸಿದವರದ್ದು. ಅಟ್ಟದ ಮೇಲಿನ ಅಡಿಕೆಯನ್ನೂ ಮಾಡಿನ ಪಕಾಸಿಯನ್ನೂ ಕಾಯುತ್ತಿದ್ದ ಅದೇ ಹೊಗೆ ನನ್ನಜ್ಜಿಗೆ ಮುದಿವಯಸ್ಸಿನ ಕೆಮ್ಮನ್ನು ಕೊಟ್ಟಿತು. ಅದಕ್ಕೇ ಅಮ್ಮ ಯಂತ್ರಗಳನ್ನು ಬೇಡವೆನ್ನುವವಳಲ್ಲ. ಒರಳಲ್ಲಿ ದಾಸವಾಳ ತೇಲುವುದನ್ನು ನೋಡಿ ಅವಳು ಅಂದದ್ದು ಒಂದೇ ಮಾತು: “ಅದನ್ನ ಅಂಗಳದಲ್ಲಿ ಇಡು. ಆ ಜಾಗಕ್ಕೆ ಗ್ರೈಂಡರ್ ತಾ. ಈ ರಟ್ಟೆಯಲ್ಲಿ ಇನ್ನು ರುಬ್ಬೋಕಾಗಲ್ಲ.”

ಅಮ್ಮನ ಪ್ರಶ್ನೆ ಅವಳೊಬ್ಬಳದ್ದೇ ಅಲ್ಲ. ನಮ್ಮ ಮಿಕ್ಸಿ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಮಿಕ್ಸರ್ ಒಂದಿತ್ತು. ಹಾಲು, ಹಣ್ಣು ಕಲಕಲೆಂದು ಹುಟ್ಟಿದ ಮೋಟಾರು ನಮ್ಮ ಒಣಮೆಣಸು, ಕೊಬ್ಬರಿ, ನೆನೆದ ಉದ್ದಿನಬೇಳೆಯ ಎದುರು ಎಷ್ಟು ದಿನ ನಿಂತೀತು? ಅದು ಸುಟ್ಟುಹೋಯಿತು, ಸರಿಮಾಡುವವರು ಈ ದೇಶದಲ್ಲಿ ಸಿಗಲಿಲ್ಲ. ನಮ್ಮ ಅಡುಗೆಯ ಭಾರ ತಾಳುವ ಮೋಟಾರನ್ನು ಅವರೇ ಮಾಡಲು ಹೊರಟರು. 1963ರಲ್ಲಿ ಆರಂಭವಾದ ಆ ಉದ್ಯಮದಿಂದ ಬಂದದ್ದೇ ‘ಸುಮೀತ್’ ಮಿಕ್ಸಿ. ಇಂದು ಯಾವ ಕಂಪನಿಯ ಮಿಕ್ಸಿಯಾದರೂ ಅದರ ಬುಶ್, ಕಪ್ಲರ್, ಕಾರ್ಬನ್ ಬ್ರಶ್ ಬದಲಿಸುವವನು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬನಾದರೂ ಇರುತ್ತಾನೆ. ಭಾರ ಹೆಚ್ಚಾಗಿ ನಿಂತರೆ ಬುಡದಲ್ಲಿರುವ ಕೆಂಪು ಗುಂಡಿ ಒತ್ತಿದರಾಯಿತು, ಅವನೂ ಬೇಕಿಲ್ಲ. ಮಿಕ್ಸಿ ಪಾಸಾಯಿತು.

ಗ್ರೈಂಡರಿನದ್ದೂ ಅದೇ ಬಗೆಯ ಕತೆ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಅವರು ಕಲ್ಲನ್ನು ಹಾಗೇ ಉಳಿಸಿಕೊಂಡು ತಿರುಗಿಸುವ ಕೈಯನ್ನಷ್ಟೇ ಬದಲಿಸಿದರು. ಮಿಕ್ಸಿಯ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತಿ ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ನಿಧಾನ, ಹಿಟ್ಟು ತಣ್ಣಗೆ, ಉದ್ದು ಚೆನ್ನಾಗಿ ಉಬ್ಬುತ್ತದೆ. ಕೊಯಮತ್ತೂರು ಗ್ರೈಂಡರಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಅಂಗಡಿಯವನು ನಾಜೂಕಾದ, ಮೇಜಿನ ಮೇಲೆ ಕೂರುವ ಮಾದರಿ ತೋರಿಸಿದ. ಅಮ್ಮ ಕಲ್ಲನ್ನು ಎತ್ತಿ ತೊಳೆಯುವ ತ್ರಾಣ ಯಾರಿಗಿದೆ ಎಂದು ಕೇಳಿ, ಬಗ್ಗಿಸಿ ಹಿಟ್ಟು ತೆಗೆಯುವ ಮಾದರಿಯನ್ನೇ ಆರಿಸಿದಳು.

ಇಂಡಕ್ಷನ್ ಒಲೆಯ ಮುಂದೆ ನನ್ನ ಹಳ್ಳಿ ಶೈಲಿ ನಿಜವಾಗಿ ಮುಗ್ಗರಿಸಿತು. ಅದರೊಳಗಿನ ತಾಮ್ರದ ಸುರುಳಿ ತಾನು ಕಾಯುವುದಿಲ್ಲ. ಕಾಂತಕ್ಷೇತ್ರ ಎಬ್ಬಿಸಿ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಹಾಗಾಗಿ ಅಯಸ್ಕಾಂತ ಅಂಟುವ ತಳವೇ ಬೇಕು. ಕಬ್ಬಿಣದ ಕಾವಲಿ ಸರಿ. ಮಣ್ಣಿನ ಗಡಿಗೆ, ಕಲ್ಲಿನ ಮರಿಗೆ, ಹಿತ್ತಾಳೆ ತಪ್ಪಲೆ, ತಾಮ್ರದ ಚರಿಗೆ ಅದಕ್ಕೆ ಅಸ್ಪೃಶ್ಯ. ಚಿತ್ರದಲ್ಲಿ ಶೆಲ್ಫಿನ ಮೇಲೆ ಅಂದವಾಗಿ ಜೋಡಿಸಿದ್ದ ಒಂದು ಪಾತ್ರೆಯೂ ಅದೇ ಚಿತ್ರದ ಒಲೆಯ ಮೇಲೆ ಬೇಯುವಂತಿರಲಿಲ್ಲ! ಗೋಡೆಯ ಓವನ್ನೂ ಇಂಡಕ್ಷನ್ನೂ ಒಟ್ಟಿಗೆ ಉರಿದರೆ ಮನೆಗೆ ಮಂಜೂರಾದ ವಿದ್ಯುತ್ ಸಾಲದೆಂದು ಎಲೆಕ್ಟ್ರೀಷಿಯನ್ ತಲೆ ಕೊಡವಿದ. ಕಡೆಗೆ 14.2 ಕೆ.ಜಿ. ಸಿಲಿಂಡರಿನ ಸಾಮಾನ್ಯ ಗ್ಯಾಸ್ ಒಲೆ, ಎರಡು ಸಿಲಿಂಡರು. ಸಿಲಿಂಡರು ಸಮಯಕ್ಕೆ ಬಾರದ ವಾರಕ್ಕೆಂದು ಒಂದೇ ಉರಿಯ, ಎತ್ತಿಡಬಹುದಾದ ಪುಟ್ಟ ಇಂಡಕ್ಷನ್.

ಫ್ರಿಜ್ ಕೊಳ್ಳುವಾಗ ನಾನು ನಕ್ಷತ್ರ ಎಣಿಸುತ್ತಿದ್ದೆ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2006ರಲ್ಲಿ ಆರಂಭಿಸಿದ ಆ ಪಟ್ಟಿಯಲ್ಲಿ ನಕ್ಷತ್ರಕ್ಕಿಂತ ಉಪಯೋಗದ್ದು ಅದರ ಜೊತೆಗಿರುವ ಅಂಕಿ: ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು. ನಕ್ಷತ್ರದ ಅಳತೆಗೋಲನ್ನು ಆಗಾಗ ಬಿಗಿಗೊಳಿಸುತ್ತಾರೆ, ಯೂನಿಟ್ ಮಾತ್ರ ಎಂದೆಂದಿಗೂ ಯೂನಿಟ್ಟೇ. ನಾವು ಕೊಂಡದ್ದು ಒಂದೇ ಬಾಗಿಲಿನದು, ಐಸು ಕಟ್ಟುವ ಹಳೆಯ ಬಗೆಯದು. ಅದಕ್ಕೆ ಕರೆಂಟು ಕಡಿಮೆ ಸಾಕು, ಒಳಗೆ ಕೆಡುವ ಫ್ಯಾನು ಇಲ್ಲ, ಕಟ್ಟಿದ ಐಸು ಕರೆಂಟು ಹೋದಾಗ ಒಂದಷ್ಟು ಹೊತ್ತು ತಂಪನ್ನು ಹಿಡಿದಿಡುತ್ತದೆ. ಜೊತೆಗೊಂದು ಸ್ಟೆಬಿಲೈಸರ್. ಫ್ರಿಜ್ಜನ್ನು ಮರದ ಬಾಗಿಲಿನ ಹಿಂದೆ ಅಡಗಿಸುವ ಯೋಚನೆ ಬಿಟ್ಟೆವು. ಫ್ರಿಜ್ ತನ್ನ ಬೆನ್ನಿನಿಂದಲೋ ಪಕ್ಕದಿಂದಲೋ ಒಳಗಿನ ಬಿಸಿಯನ್ನು ಹೊರಗೆ ಕಳಿಸಬೇಕು. ಗಾಳಿ ಕೊಡದೆ ಮುಚ್ಚಿಟ್ಟರೆ ಅದು ಏದುತ್ತಲೇ ಇರುತ್ತದೆ.

ಪಾತ್ರೆ ತೊಳೆಯುವ ಯಂತ್ರ ನನ್ನ ಹೆಂಡತಿಯ ಬೇಡಿಕೆ. ಅದು ನ್ಯಾಯವಾದದ್ದೂ ಹೌದು. ಈಗ ಊರಲ್ಲಿ ಕೆಲಸಕ್ಕೆ ಜನವಿಲ್ಲ. ಆದರೆ ನಮ್ಮದು ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು. ಬೇಸಿಗೆಯಲ್ಲಿ ಸಣ್ಣಗೆ, ಮಳೆಗಾಲದಲ್ಲಿ ತರಗೆಲೆಯೊಡನೆ. ಟ್ಯಾಂಕು ಎತ್ತರಿಸಿ ಸೋಸುವ ವ್ಯವಸ್ಥೆಯಾಗುವ ತನಕ ಪೈಪಿನ ಬಾಯಿ, ಪ್ಲಗ್ಗು, ಜಾಗ ಮೂರನ್ನೂ ಬಿಟ್ಟು ಕಾಯುವುದೆಂದಾಯಿತು. “ಜಾಗ ಬಿಟ್ಟಿದ್ದನ್ನ ಮರೀಬೇಡಿ” ಎಂದು ಅವಳು ನನಗೆ ಎರಡು ಸಲ ಹೇಳಿದ್ದಾಳೆ.

ಉಳಿದದ್ದು ಸೌದೆ ಒಲೆ. ಅದಿಲ್ಲದೆ ಹಳ್ಳಿ ಅಡುಗೆಮನೆ ಎಂಥದ್ದು ಎಂದು ನಾನು ವಾದಿಸಿದೆ. ಅಮ್ಮನಿಗೆ ಒಲೆಯ ವಿಷಯದಲ್ಲಿ ಅನುಭವವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಯಲ್ಲಿ ಕೂತು ಜನರ ಇಂಧನದ ಲೆಕ್ಕ ಹಾಕಿತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಒಂದೇ ಉರಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. ಎಂಬತ್ತರ ದಶಕದಲ್ಲಿ ನಮ್ಮ ಮನೆಗೂ ಅದು ಬಂತು. ಸೌದೆ ಉಳಿಯಿತು, ಗೋಡೆಯ ಮಸಿ ನಿಂತಿತು. ಆದರೆ ಅದರ ಗುಟ್ಟು ಅಳತೆಯಲ್ಲಿತ್ತು. ಕಟ್ಟುವವನ ಕೈ ಒಂದಂಗುಲ ತಪ್ಪಿದರೆ ಉರಿಯೂ ದಾರಿ ತಪ್ಪುತ್ತಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಒಳಗೇ. ನಮಗೆ ಕಟ್ಟಿಕೊಟ್ಟವನು ಊರು ಬಿಟ್ಟ. ಕೊಳವೆ ಕಟ್ಟಿಕೊಂಡಿತು. ಒಂದು ವರ್ಷದೊಳಗೆ ಆ ಒಲೆಯ ಮೇಲೆ ಹಿಡಿಸೂಡಿ ಇಡುವಂತಾಯಿತು.

“ಒಲೆ ಬೇಕಾದ್ರೆ ಹಾಕ್ಸು” ಎಂದಳು ಅಮ್ಮ. “ಕೊಳವೆ ಗುಡಿಸೋರು ಯಾರು, ಅದು ಹೇಳು.”

ನಾನು ಸುಮ್ಮನಿದ್ದೆ.

“ಹದಿನೈದು ದಿನಕ್ಕೊಂದು ಸಲ ಏಣಿ ಹತ್ತಬೇಕು. ನೀನು ಹತ್ತೋದಾದ್ರೆ ಒಲೆ ಇರಲಿ.”

ಹತ್ತುತ್ತೇನೆ ಎಂದೆ. ಒಲೆ ಉಳಿಯಿತು.

ಕಳೆದ ವಾರ ಬಡಗಿ ಬಾಗಿಲು ಕೂರಿಸಿದ. ಮುಂಬದಿ ಉಜ್ಜಿ ಹೊಳಪು ಹಾಕಿ, ಹಿಂಬದಿಗೆ ಉಜ್ಜುಕಾಗದ ಹಿಡಿದಾಗ ಅಮ್ಮ ತಡೆದಳು. ಹಳೆಯ ಇದ್ದಿಲ ಗೆರೆಗಳನ್ನು ಉಳಿಸಿಕೊಳ್ಳುವ ಆಸೆಯಿರಬೇಕು ಅಂದುಕೊಂಡು ನಾನು ಮೆತ್ತಗಾದೆ. ಅವಳಿಗೆ ಅಂಥದ್ದೇನೂ ಇರಲಿಲ್ಲ; ಪಾಲಿಶ್ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ, ಅಷ್ಟೇ. ಒದ್ದೆ ಬಟ್ಟೆಯಲ್ಲಿ ಕಲಾಯಿಯ ಲೆಕ್ಕವನ್ನೆಲ್ಲ ಒರೆಸಿ ಹಾಕಿ, ಕನ್ನಡಕ ಏರಿಸಿ, ಇನ್ನೂ ಒಂದು ಯಂತ್ರವೂ ಬಂದಿರದ ಆ ಕೋಣೆಯಲ್ಲಿ ನಿಂತು ಬರೆಯತೊಡಗಿದಳು. ಲೈನ್‌ಮನ್, ಹತ್ತಂಕಿ. ಗ್ಯಾಸ್‌ನವನು, ಹತ್ತಂಕಿ. ಮಿಕ್ಸಿ ರಿಪೇರಿ, ಬಸ್‌ಸ್ಟ್ಯಾಂಡ್, ಹತ್ತಂಕಿ. ‘ಒಲೆ ಕೊಳವೆ’ ಎಂದು ಬರೆದು ಒಂದು ಕ್ಷಣ ನಿಂತಳು. ಆಮೇಲೆ ಅದರ ಮುಂದೆ ನನ್ನ ಹೆಸರು ಬರೆದಳು.